ಉದುರಿಹೋದ ‘ಅಂತ’

ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತು ನೋಡಿ. ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಹೆದ್ದಾರಿಯಲ್ಲಿ ಸಾಹೇಬರು ಗಾಡಿ ತಪಾಸಣೆಗೆ ಬಂದು ನಿಂತಿದ್ದಾರೆ ಎನ್ನುವ ಸುದ್ದಿ ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಗಮನಿಸಿ. ಕನ್ನಡದವರು ‘ಬಂದಾರಂತ’ ಎನ್ನುತ್ತಾರೆ. ಬಸವಕಲ್ಯಾಣದ ಆಚೆಯಿಂದ ಬಂದ ಮರಾಠಿಯವರು ‘ಆಲೇ ಮ್ಹಣೇ’ ಎನ್ನುತ್ತಾರೆ. ಜಹೀರಾಬಾದ್ ಕಡೆಯ ತೆಲುಗಿನವರದು ‘ವಚ್ಚಾರಂಟ’. ಚಹಾ ಸೋಸುತ್ತಿರುವವನು ದಖನಿಯಲ್ಲಿ ‘ಆಯೇ ಕತೆ’ ಎಂದು ಮುಗಿಸುತ್ತಾನೆ. ಭಾಷೆ ನಾಲ್ಕು, ಬಾಲ ಒಂದೇ. ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಹೇಳುವ ಬಾಲ ಅದು. ಅದನ್ನು ಬಿಟ್ಟು ಬರೀ ‘ಬಂದಾರ’ ಎಂದುಬಿಟ್ಟರೆ ಪಕ್ಕದವರು ಸುಮ್ಮನಿರುವುದಿಲ್ಲ. ‘ನೀ ನೋಡೀಯೇನು?’ ಎಂದು ತಿರುಗಿ ಕೇಳುತ್ತಾರೆ.

ವ್ಯಾಕರಣದವರು ಇದನ್ನು ಏನೆಂದು ಕರೆಯುತ್ತಾರೋ ಕರೆಯಲಿ. ನನ್ನ ಕಣ್ಣಿಗೆ ಇದು ಮಾತಿನ ಮೇಲೆ ಒತ್ತಿದ ಮುದ್ರೆ. ಇದು ನನ್ನ ಮಾಲಲ್ಲ, ದಾಟಿಸುತ್ತಿದ್ದೇನೆ, ತೂಗಿ ನೋಡಿ ಇಟ್ಟುಕೊಳ್ಳಿ ಎಂದು ಅದರರ್ಥ. ನಮ್ಮ ಬಸ್ ಸ್ಟ್ಯಾಂಡಿನ ಭಾಷೆಗಳು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದ ಈ ಕೆಲಸವನ್ನು ವಾಟ್ಸಾಪ್ ಕಂಪನಿ ಕಲಿತದ್ದು 2018ರ ಜುಲೈ 10ರಂದು. ದಾಟಿ ಬಂದ ಸಂದೇಶದ ತಲೆಯ ಮೇಲೆ ‘ಫಾರ್ವರ್ಡೆಡ್’ ಎಂಬ ಚಿಕ್ಕ ಪಟ್ಟಿ ಅಂಟಿಸುವ ಏರ್ಪಾಟನ್ನು ಅದು ಅಂದು ಪ್ರಕಟಿಸಿತು.

ಮೂರು ದಿನ ಕಳೆಯಿತು. ಜುಲೈ 13, ಶುಕ್ರವಾರ. ನಮ್ಮದೇ ಬೀದರ್ ಜಿಲ್ಲೆ, ಔರಾದ್ ತಾಲೂಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರಲ್ಲೊಬ್ಬ ಕತಾರ್ ದೇಶದವನು. ಊರಿಗೆ ಹೋದಲ್ಲಿ ಎದುರಾದ ಮಕ್ಕಳ ಕೈಗೆ ಏನಾದರೂ ಕೊಡುವುದು ನಾವೆಲ್ಲ ಮಾಡಿದ್ದೇ. ಆದರೆ ಆ ವರ್ಷ ಬೇಸಿಗೆಯಿಂದಲೂ ಮಕ್ಕಳ ಕಳ್ಳರ ಸುದ್ದಿ ದೇಶವೆಲ್ಲ ಸುತ್ತುತ್ತಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಅನುಮಾನಕ್ಕೆ ಹೊರರಾಜ್ಯದ ಒಬ್ಬ ಕೂಲಿಕಾರ ಬಲಿಯಾಗಿದ್ದ. ಚಾಕೊಲೇಟ್ ನೋಡಿದವರಿಗೆ ಸಂಶಯ ಬಂತು, ಮಾತಿಗೆ ಮಾತು ಬೆಳೆಯಿತು, ಬಂದವರು ಹೆದರಿ ಕಾರು ಹತ್ತಿದರು. ಅವರ ವಿಡಿಯೊ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತು. ದಾರಿಗೆ ಅಡ್ಡ ಕಟ್ಟಿ ಜನ ಕಾದು ನಿಂತಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಪೆಟ್ಟು ತಿಂದು ಸತ್ತ. ಉಳಿದವರಿಗೂ ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಮೂವತ್ತರಷ್ಟು ಜನರನ್ನು ಹಿಡಿದರು, ಅದರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ನೂ ಇದ್ದ.

ಮುರ್ಕಿಯ ಆ ಜನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರೆ ‘ಬಂದಾರಂತ’ ಎಂದೇ ಹೇಳುತ್ತಿದ್ದರು. ಫೋನಿನಲ್ಲಿ ಅವರಿಗೆ ‘ಬಂದಾರ’ ಎಂದು ತಲುಪಿತು. ವಿಡಿಯೊಗೆ ‘ಅಂತ’ ಎಂಬುದೇ ಇಲ್ಲ ನೋಡಿ. ಕೇಳಿದ್ದನ್ನು ಅದು ಕಂಡದ್ದಾಗಿಸುತ್ತದೆ. ಆ ವರ್ಷ ತುಂಬ ಓಡಾಡಿದ ಇನ್ನೊಂದು ವಿಡಿಯೊದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಿಜವಾಗಿ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಜಾಹೀರಾತು. ಕೊನೆಯಲ್ಲಿ ಮಗುವನ್ನು ವಾಪಸು ತಂದುಬಿಟ್ಟು, ಎಚ್ಚರವಿರಲಿ ಎಂದು ಹೇಳುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದ ತುಂಡನ್ನು ನೋಡಿದವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ನಮ್ಮ ಕಣ್ಣಾರೆ ನೋಡಿದ್ದೇವೆ ಎಂದರು. ನೋಡಿದ್ದೂ ಖರೇ.

ಗಾಳಿಸುದ್ದಿ ಮೊದಲೂ ಇತ್ತಲ್ಲ ಎನ್ನುತ್ತೀರಿ. ಇತ್ತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆ ಎಂದು ದೇಶವೇ ಗುಡಿಗಳ ಮುಂದೆ ಸಾಲು ನಿಂತಾಗ ಯಾರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದದ್ದೂ ಅದೇ ದಶಕದಲ್ಲಿ. ಆದರೆ ಹಾಲಿನ ಲೋಟ ಹಿಡಿದು ನಾವೇ ಸಾಲಿನಲ್ಲಿ ನಿಲ್ಲಬೇಕಿತ್ತು. ‘ನಾಳೆ ಬಾ’ ಎಂಬುದನ್ನು ನಮ್ಮ ಬಾಗಿಲ ಮೇಲೆ ನಾವೇ ಬರೆಯಬೇಕಿತ್ತು, ಬೆಳಿಗ್ಗೆ ಅದನ್ನು ಓದಿ ನಗುವ ನೆಂಟನಿಗೆ ಉತ್ತರವನ್ನೂ ಕೊಡಬೇಕಿತ್ತು. ನಂಬಿದವನಿಗೆ ನಂಬಿದ ಖರ್ಚು ಬೀಳುತ್ತಿತ್ತು. ಈಗ ಒಂದು ಬೆರಳು ಸಾಕು, ಬೆರಳಿಗೆ ವ್ಯಾಕರಣವಿಲ್ಲ.

ನಾನು ಫೋನಿನ ವೈರಿಯಲ್ಲ. ನಮ್ಮ ಭಾಗದ ತಾಂಡಾಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರಕ್ಕೋ ಹೈದರಾಬಾದಿಗೋ ಗುಳೆ ಹೋಗುವವರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಹಿಂದೆ ಅವರು ಹಬ್ಬಕ್ಕೆ ಬಂದಾಗ ಕೂಸು ಗುರುತು ಹಿಡಿಯದೆ ಅಳುತ್ತಿತ್ತು. ಈಗ ವಿಡಿಯೊ ಕಾಲ್‌ನಲ್ಲಿ ಅವ್ವನ ಮುಖ ದಿನಾ ಕಾಣುತ್ತದೆ. ಅಕ್ಷರ ಬಾರದ ಅಜ್ಜಿ ಫೋನನ್ನು ಬಾಯಿಗೆ ಹಿಡಿದು ‘ಏನ್ ಮಾಡ್ಲತ್ತಿ, ಉಂಡೀ ಇಲ್ಲೋ’ ಎಂದು ಧ್ವನಿ ಕಳಿಸುತ್ತಾಳೆ. ಯಾವ ಪಠ್ಯಪುಸ್ತಕವೂ ಅಚ್ಚು ಹಾಕದ ನಮ್ಮ ಬೀದರ್ ಕನ್ನಡಕ್ಕೆ ಹೀಗೆ ಒಂದು ಜಾಗ ಸಿಕ್ಕಿತು. ಒಂದು ಸಂಗತಿ ನನ್ನ ಗಮನಕ್ಕೆ ಬಂದಿದೆ. ಆ ಅಜ್ಜಿ ತಾನೇ ಮಾತಾಡಿ ಕಳಿಸುವ ಸುದ್ದಿಯಲ್ಲಿ ‘ಅಂತ’ ಇದ್ದೇ ಇರುತ್ತದೆ: ‘ನಿಮ್ಮ ಕಾಕಾಗ ಆರಾಮಿಲ್ಲಂತ.’ ತಂತ್ರಜ್ಞಾನ ಅದನ್ನು ಕಸಿದುಕೊಂಡಿಲ್ಲ. ಬಾಯಿಯನ್ನು ದಾಟಿ ಹೋಗುವ ಆ ಬಾಣದ ಗುರುತಿನ ಗುಂಡಿಯಲ್ಲಿ ಮಾತ್ರ ಅದು ಉದುರುತ್ತದೆ.

ಇಲ್ಲಿ ಒಂದು ವಿಚಿತ್ರ ವ್ಯವಹಾರ ನಡೆಯುತ್ತದೆ. ಸಂದೇಶವನ್ನು ನಾವು ನಂಬುವುದು ಅದನ್ನು ಕಳಿಸಿದ ಭಾವನನ್ನು, ಮಾಸ್ತರರನ್ನು, ಪಕ್ಕದ ಮನೆಯವರನ್ನು ನೋಡಿ. ಸುಳ್ಳಾದಾಗ ಅವರನ್ನು ಕೇಳಿದರೆ ‘ನಂಗೇನ್ ಗೊತ್ರಿ, ಗ್ರೂಪ್‌ನ್ಯಾಗ ಬಂದಿತ್ತು’ ಎನ್ನುತ್ತಾರೆ. ನಂಬಿಕೆ ಹತ್ತಿರದವನದು, ಹೊಣೆ ಮಾತ್ರ ಹೆಸರಿಲ್ಲದ ದೂರದವನದು. ಸರ್ಕಾರವೂ ಆ ದೂರದವನನ್ನೇ ಹುಡುಕುತ್ತಿದೆ. ಸಂದೇಶವನ್ನು ಮೊದಲು ಕಳಿಸಿದವನು ಯಾರೆಂದು ಹೇಳಬೇಕು ಎಂದು 2021ರ ಐಟಿ ನಿಯಮಗಳು ಕೇಳಿದವು, ಗೂಢಲಿಪಿ ಮುರಿದರೆ ಎಲ್ಲರ ಖಾಸಗಿ ಮಾತಿಗೂ ಕುತ್ತು ಎಂದು ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಈ ಜಗಳದಲ್ಲಿ ನಾನು ಕಂಪನಿಯ ಕಡೆಗೇ ವಾಲುತ್ತೇನೆ. ಮುರ್ಕಿಯಲ್ಲಿ ಬೇಕಾಗಿದ್ದದ್ದು ಮೊದಲು ಕಳಿಸಿದವನ ವಿಳಾಸವಲ್ಲ. ಕೊನೆಗೆ ಕಳಿಸಿದವನು, ಅಂದರೆ ಮುಖ ಪರಿಚಯ ಇರುವವನು, ‘ನಾನು ನೋಡಿಲ್ಲ’ ಎಂಬ ಎರಡು ಶಬ್ದ ಹೇಳಿದ್ದರೆ ಒಂದು ಜೀವ ಉಳಿಯುವ ಸಾಧ್ಯತೆಯಾದರೂ ಇತ್ತು. ಮುರ್ಕಿಯಾದ ನಾಲ್ಕನೆಯ ದಿನ, ಜುಲೈ 17ಕ್ಕೆ, ಸುಪ್ರೀಂ ಕೋರ್ಟು ಗುಂಪುಹತ್ಯೆ ತಡೆಯಲು ಕಾನೂನು ಮಾಡಿ ಎಂದಿತು. ಅದೇ ವಾರ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ದಾಟಿಸಬಹುದೆಂದು ಮಿತಿ ಹಾಕುವುದಾಗಿ ಹೇಳಿತು. ಎರಡೂ ಒಳ್ಳೆಯವೇ. ಆದರೆ ಐದು ಗ್ರೂಪಿಗೆ ಇನ್ನೂರು ಜನರಂತೆ ಲೆಕ್ಕ ಹಾಕಿ, ನಮ್ಮ ಎಷ್ಟೋ ಹಳ್ಳಿಗಳಿಗೆ ಅಷ್ಟು ಸಾಕು.

ಹೆಸರು ಹಾಕಿ ಮಾತಾಡುವುದು ಈ ನೆಲಕ್ಕೆ ಹೊಸದಲ್ಲ. ಹುಮನಾಬಾದ್ ತಾಲೂಕಿನ ಜಲಸಂಗ್ವಿಗೆ ಹೋಗಿ. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆದಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ, ಭೂಮಂಡಲವೆಲ್ಲ ಅವನದೆಂಬ ಅರ್ಥದ ಸಂಸ್ಕೃತ ಸಾಲು. ಅತಿಶಯೋಕ್ತಿಯೇ, ಇಂದಿನ ಭಾಷೆಯಲ್ಲಿ ಪ್ರಚಾರ. ಆದರೆ ಯಾರ ಹೊಗಳಿಕೆ ಎಂಬುದು ಕಲ್ಲಿನ ಮೇಲೇ ಇದೆ. ಕಲ್ಯಾಣದ ದಾನಶಾಸನಗಳಂತೂ ವರ್ಷ, ಸಂವತ್ಸರ, ತಿಥಿ, ಕೊಟ್ಟವನು, ಪಡೆದವನು ಎಲ್ಲವನ್ನೂ ಹೇಳಿಯೇ ಮುಗಿಸುತ್ತವೆ. ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಪ್ರತಿ ವಚನದ ಕೊನೆಗೂ ಅಂಕಿತ ಇಟ್ಟರು. ಹೆಚ್ಚಿನವರದು ಇಷ್ಟದೈವದ ಹೆಸರು. ಅಂಬಿಗರ ಚೌಡಯ್ಯ ತನ್ನ ಕಾಯಕ ಸೇರಿಸಿ ತನ್ನದೇ ಹೆಸರನ್ನು ಅಂಕಿತ ಮಾಡಿಕೊಂಡ. ಬೈದರೂ ಬೈದವನು ಯಾರೆಂದು ಗೊತ್ತಿರಲಿ ಎನ್ನುವ ಎದೆಗಾರಿಕೆ ಅದು. ಇವತ್ತು ಬೆಳಿಗ್ಗೆ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಬರುವ ಎಷ್ಟೋ ‘ಬಸವಣ್ಣನ ವಚನ’ಗಳಲ್ಲಿ ‘ಕೂಡಲಸಂಗಮದೇವ’ ಒಂದು ಬಿಟ್ಟರೆ ಬೇರೇನೂ ಬಸವಣ್ಣನದಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ ತರುವ ಮೊದಲು ಫ. ಗು. ಹಳಕಟ್ಟಿಯವರು ಓಲೆಗರಿಗಾಗಿ ಮನೆ ಮನೆ ಅಲೆದಿದ್ದರು. ಅವರು ಈ ಹೂವಿನ ಚಿತ್ರಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರೋ.

ಬೇರೆಯವರನ್ನು ದೂರುವ ಮೊದಲು ನನ್ನದೊಂದು ಹೇಳಬೇಕು. ಒಂದು ಸಂಜೆ ಗ್ರೂಪಿನಲ್ಲಿ ‘ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಾಗಿದೆ’ ಎಂಬ ಸಂದೇಶ ಬಂತು. ಕೆಳಗೆ ಫೋನ್ ನಂಬರ್ ಇತ್ತು. ಪುಣ್ಯದ ಕೆಲಸ ಎಂದು ಐದು ಕಡೆ ಒತ್ತಿದೆ. ಆಮೇಲೆ ನೆನಪಾಯಿತು, ನಮ್ಮ ಓಣಿಯಲ್ಲೇ ಆ ರಕ್ತದವರೊಬ್ಬರು ಇದ್ದಾರೆ. ಅವರನ್ನು ಕಳಿಸುವ ಮೊದಲು ಕೇಳೋಣವೆಂದು ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ‘ನಮ್ಮ ತಮ್ಮ ತೀರಿಕೊಂಡು ಎರಡು ವರ್ಷ ಆಯ್ತ್ರೀ. ಇವತ್ತು ನಿಮ್ದು ಏಳನೇ ಫೋನು’ ಎಂದ. ಕ್ಷಮಿಸಿ ಎನ್ನುವಷ್ಟರಲ್ಲಿ ಅವನೇ ‘ಇರ್ಲಿ ಬಿಡ್ರಿ, ನೀವು ಛಲೋ ಮಾಡ್ಲಾಕೇ ಮಾಡೀರಿ’ ಎಂದು ಇಟ್ಟ. ಅವನು ಅಂದದ್ದೇ ನನಗೆ ಹೆಚ್ಚು ಚುಚ್ಚಿತು. ಸಂದೇಶದಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ತಾರೀಖು ಇರಲಿಲ್ಲ, ಅಷ್ಟೇ. ಕಳಿಸಿದ ನಾನು ಅದನ್ನು ಕೇಳಲೂ ಇಲ್ಲ.

ಆಮೇಲೆ ನಮ್ಮ ಓಣಿಯ ಗ್ರೂಪಿನಲ್ಲಿ ಒಂದು ಕಟ್ಟು ಮಾಡಿದೆವು. ಯಾವುದನ್ನೂ ಬರಿದೇ ದಾಟಿಸುವಂತಿಲ್ಲ. ಯಾರಿಂದ ಬಂತು, ಯಾವತ್ತಿನದು, ತಾನು ಕಂಡದ್ದೋ ಕೇಳಿದ್ದೋ ಎಂದು ಕಳಿಸುವವರು ತಮ್ಮದೇ ಮಾತಿನಲ್ಲಿ ಒಂದು ಸಾಲು ಬರೆಯಬೇಕು, ಬರೆಯಲು ಬಾರದವರು ಬಾಯಿಂದ ಹೇಳಿ ಕಳಿಸಬೇಕು. ಇಲ್ಲವಾದರೆ ಅಡ್ಮಿನ್ ಅಳಿಸುತ್ತಾರೆ. ಮೊದಲ ವಾರ ಇಬ್ಬರು ಮುನಿಸಿಕೊಂಡು ಗ್ರೂಪ್ ಬಿಟ್ಟು ಹೋದರು, ಒಬ್ಬರು ತಿರುಗಿ ಬಂದರು. ಸಂದೇಶಗಳು ಅರ್ಧಕ್ಕರ್ಧ ಇಳಿದವು. ಹೂವಿನ ಚಿತ್ರಗಳು ನಿಂತಿಲ್ಲ, ಅವನ್ನು ನಿಲ್ಲಿಸುವುದು ಯಾರಿಂದಲೂ ಆಗದು. ರಕ್ತ ಬೇಕೆನ್ನುವ ಸಂದೇಶ ಮಾತ್ರ ಈಗ ತಾರೀಖು ಹೊತ್ತುಕೊಂಡೇ ಬರುತ್ತದೆ.