ಬೆಕ್ಕಿನ ಅಂಜಿಕೆಗೆ ಹೊಣೆ ಯಾರು?

ಆಂಗ್ಲ ಭಾಷೆಯಲ್ಲಿ 'ಒನ್ಸ್ ಬಿಟನ್, ಟ್ವೈಸ್ ಶೈ' ಎಂಬ ನಾಣ್ಣುಡಿಯೊಂದಿದೆ. ಅನುವಾದದ ಅಭ್ಯಾಸಕ್ಕೆ ಇದನ್ನು ಕೊಟ್ಟರೆ, 'ಶೈ' ಎಂದರೆ ನಾಚಿಕೆ ಎಂದು ಬರೆದು ಎಡವುವ ವಿದ್ಯಾರ್ಥಿಗಳುಂಟು. ಇಲ್ಲಿ ಆ ಪದದ ಅರ್ಥ ಬೆದರಿ ಹಿಂಜರಿಯುವುದು. ಕುದುರೆಯು ದಾರಿಯಲ್ಲಿ ಬೆಚ್ಚಿ ಪಕ್ಕಕ್ಕೆ ಸರಿಯುವುದಕ್ಕೂ ಆಂಗ್ಲರು ಇದೇ ಪದವನ್ನು ಬಳಸುತ್ತಾರೆ. ಒಮ್ಮೆ ಕಚ್ಚಿಸಿಕೊಂಡವನು ಮುಂದೆ ಇಮ್ಮಡಿ ಅಂಜುತ್ತಾನೆ ಎಂಬುದು ತಾತ್ಪರ್ಯ.

ಇದೇ ಅನುಭವವನ್ನು ದೇಶಭಾಷೆಗಳು ಬೇರೆ ಬಗೆಯಲ್ಲಿ ಹೇಳಿವೆ. ಹಾವು ತುಳಿದವನು ಹಗ್ಗ ಕಂಡರೂ ಹೆದರುತ್ತಾನೆ ಎಂದಿತು ಕನ್ನಡ. ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಎಂದಿತು ಮರಾಠಿ. ಬಿಸಿನೀರಿಗೆ ಬಿದ್ದ ಬೆಕ್ಕು ತಣ್ಣೀರು ಕಂಡರೂ ಅಂಜುತ್ತದೆ ಎಂದಿತು ಮಲಯಾಳ. ಆಂಗ್ಲ ನುಡಿಯು ಕಚ್ಚಿಸಿಕೊಂಡವನ ಎಚ್ಚರವನ್ನಷ್ಟೇ ಹೇಳಿದರೆ, ಈ ಮೂರು ಗಾದೆಗಳು ಇನ್ನೊಂದು ಸತ್ಯವನ್ನೂ ಕಂಡಿವೆ: ಕಳೆದುಹೋದ ನಂಬಿಕೆಯ ದಂಡವನ್ನು ಕೊನೆಗೆ ತೆರುವುದು ನಿರಪರಾಧಿಯಾದ ಹಗ್ಗ, ಮಜ್ಜಿಗೆ ಮತ್ತು ತಣ್ಣೀರು.

ಉಪ್ಪಳದ ವಿದ್ಯಾರ್ಥಿಗೆ ಈ ಮಾತು ಕೇವಲ ವ್ಯಾಕರಣದ ವಿಷಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತು. ಉಪ್ಪಳವೂ ಆ ಭಾಗದಲ್ಲಿಯೇ ಇದೆ. ಶಿಫಾರಸು ಜಾರಿಗೆ ಬರಲಿಲ್ಲ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ತಿಳಿಯದ ಶಿಕ್ಷಕರು ಬಂದ ಪ್ರಸಂಗಗಳುಂಟು. ಹೀಗಿರುವಾಗ, 2017ರಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದುದನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಮೊದಲ ದಿನವೇ ಕುದಿಯುವ ಹಾಲಿಗೆ ಮುಖವಿಟ್ಟು ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತಿತ್ತು. ಈ ಬೆಕ್ಕಿಗೆ ಹಾಲು ಸೇರದು ಎಂದು ಅವನು ಅರಸನನ್ನು ನಂಬಿಸಲು ನೋಡಿದ. ಕೇಳುಗರು ವಿಕಟಕವಿಯ ಜಾಣ್ಮೆಗೆ ನಗುತ್ತಾರೆ. ಬೆಕ್ಕಿನ ಪಾಡನ್ನು ಯಾರೂ ಕೇಳುವುದಿಲ್ಲ. ಬೆಕ್ಕಿನ ಅಂಜಿಕೆ ಅದರ ಹುಟ್ಟುಗುಣವಲ್ಲ. ಅದನ್ನು ಹೋಗಲಾಡಿಸುವ ಹೊಣೆ ಬಿಸಿಹಾಲನ್ನು ಮುಂದಿಟ್ಟವನದು. ಅದೂ ಒಂದು ದಿನ ಆರಿದ ಹಾಲನ್ನು ಇಟ್ಟರೆ ಸಾಲದು, ದಿನದಿನವೂ ಇಡಬೇಕು. ಬೆಳಗಾವಿಯ ಮರಾಠಿ ಭಾಷಿಕರ ಅಂಜಿಕೆಯನ್ನು ಅಳೆಯುವಾಗ ಕರ್ನಾಟಕವೂ ಇದೇ ಕೋಲನ್ನು ಬಳಸಬೇಕು.

ಆದರೆ ಆ ಕತೆಯಲ್ಲಿ ಹಾಲು ಬಿಟ್ಟು ಬಡಕಲಾದದ್ದು ಬೆಕ್ಕೇ ಹೊರತು ರಾಮಕೃಷ್ಣನಲ್ಲ ಎಂಬುದನ್ನೂ ಮರೆಯಲಾಗದು. ಕಡ್ಡಾಯ ಬೇರೆ, ಭಾಷೆ ಬೇರೆ. ಕಡ್ಡಾಯವು ಸುಡುವ ನೀರಾಗಿರಬಹುದು, ಮಲಯಾಳವು ತಣ್ಣೀರು. ಅದರಲ್ಲಿ ಎಳುತ್ತಚ್ಛನ್ ಇದ್ದಾನೆ, ಕುಮಾರನ್ ಆಶಾನ್ ಇದ್ದಾನೆ, ಬಷೀರ್ ಇದ್ದಾನೆ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಯು ಹಕ್ಕಿನ ವಿಷಯದಲ್ಲಿ ಹಾವನ್ನು ಹಾವೆಂದೇ ಕರೆಯಲಿ; ಗ್ರಂಥಾಲಯದಲ್ಲಿ ಮಾತ್ರ ಹಗ್ಗವನ್ನು ಕಂಡು ಹಿಂಜರಿಯದಿರಲಿ.