ಹುಬ್ಬಿನ ಮೇಲಿನ ಅರ್ಧಚಂದ್ರ

ನನ್ನ ಬಲಹುಬ್ಬಿನ ಮೇಲೊಂದು ಅರ್ಧಚಂದ್ರದ ಗುರುತಿದೆ. ಆಫೀಸಲ್ಲಿ ಕೇಳಿದವರಿಗೆ ‘ಬಾಗಿಲು ತಾಗಿತು’ ಅಂತೀನಿ. ನಿಜಕ್ಕೂ ಅದು ಅಪ್ಪನ ರೈಫಲ್‌ನ ಸ್ಕೋಪ್ ಕೊಟ್ಟಿದ್ದು.

ನಮ್ಮದು ಕೊಡಗು. ಕೈಲ್‌ಪೊಳ್ದ್‌ಗೆ ಕೋವಿ ಪೂಜೆ, ತೆಂಗಿನಕಾಯಿಗೆ ಗುರಿ ಎಲ್ಲ ಗೊತ್ತು. ಸ್ಕೋಪ್ ಮಾತ್ರ ಹೊಸದು. ರೇಂಜ್‌ನಲ್ಲಿ ಕಣ್ಣಿಟ್ಟಾಗ ಅಂಚಲ್ಲಿ ಕಪ್ಪು ಉಂಗುರ ಕಂಡಿತು. ಹತ್ತಿರ ಹೋದರೆ ಸರಿಹೋಗುತ್ತೆ ಅಂದ್ಕೊಂಡು ಕತ್ತು ಚಾಚಿದೆ. ಗುಂಡು ಹಾರಿತು, ರೈಫಲ್ ಹಿಂದಕ್ಕೆ ಒದೆಯಿತು, ಕಣ್ಣಿಗೆಲ್ಲ ರಕ್ತ! ಕಣ್ಣಿಗೂ ಸ್ಕೋಪಿಗೂ ಸಾಮಾನ್ಯವಾಗಿ 3ರಿಂದ 4 ಇಂಚು ಅಂತರ ಬೇಕಂತೆ. ಅಪ್ಪ ತಲೆ ಹಿಂದಿಟ್ಟು ನೋಡೋರು, ಅವರಿಗೆ ತಕ್ಕಂತೆ ಅದನ್ನು ಹಿಂದಕ್ಕೆ ಕೂರಿಸಿದ್ದರು.

ಗಾಯ ಮಾಗಿದ ಮೇಲೆ ಅಪ್ಪ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ರಿಂಗ್‌ಗಳ ಸ್ಕ್ರೂ ಸಡಿಲಿಸಿದರು. ಜೂಮ್ ಪೂರ್ತಿ ಏರಿಸಿದರು. ಅಲ್ಲೇ ಕಣ್ಣಿನ ಜಾಗ ಅತಿ ಇಕ್ಕಟ್ಟು.

‘ಜಾಕೆಟ್ ಹಾಕ್ಕೋ ಮಗಾ. ಕಣ್ಣು ಮುಚ್ಚಿ ಕೆನ್ನೆ ಇಡು. ಈಗ ತೆರೆ.’

ಕಣ್ಣು ಬಿಟ್ಟುಕೊಂಡೇ ಇಟ್ಟರೆ ನಮಗೇ ಗೊತ್ತಾಗದೆ ಕತ್ತು ಸ್ಕೋಪಿಗೆ ಹೊಂದಿಕೊಂಡುಬಿಡುತ್ತೆ. ಅಪ್ಪ ಅದನ್ನು ಚೂರುಚೂರೇ ಮುಂದಕ್ಕೆ ಸರಿಸಿದರು. ಕಪ್ಪು ಉಂಗುರ ಮಾಯವಾಗಿ ಪೂರ್ತಿ ಬೆಳಕು ತುಂಬಿತು. ಮಲಗಿದಾಗ ಮುಖ ಇನ್ನೂ ಮುಂದೆ ಹೋಗುತ್ತಲ್ಲ, ಹಾಗಾಗಿ ಮಲಗಿಸಿಯೂ ನೋಡಿದರು. ಕ್ರಾಸ್‌ಹೇರ್ ನೆಟ್ಟಗೆ ನಿಲ್ಲಿಸಿ, ಎರಡೂ ಬದಿಯ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿದರು. ಗುರಿ ಮತ್ತೆ ಹೊಂದಿಸೋಕೆ ಹಲವು ಗುಂಡು ಖರ್ಚಾಯ್ತು.

ಈಗ ಅದರಲ್ಲಿ ನೋಡೋಕೆ ಅಪ್ಪನೇ ಕತ್ತು ಚಾಚಬೇಕು. ‘ನಿಮಗೆ ಕಷ್ಟ ಅಲ್ವಾ?’ ಅಂದೆ.

‘ಇನ್ಮೇಲೆ ನೀನೇ ತಾನೇ ಹೊಡೆಯೋಳು’ ಅಂತ ಸ್ಕ್ರೂಡ್ರೈವರ್ ಡಬ್ಬಿಗೆ ಹಾಕಿದರು.