ಟೋಲ್ ಯಂತ್ರ ಕೆಟ್ಟರೆ ದುಡ್ಡು ಕೊಡಬೇಡಿ, ಜೀರೋ ರಸೀದಿ ಕೇಳಿ!

ಕಾರು, ಕ್ಯಾಬ್, ಗೂಡ್ಸ್ ಗಾಡಿ ಓಡಿಸುವ ಬಂಧುಗಳೇ,

"ಟ್ಯಾಗ್ ರೀಡ್ ಆಗ್ತಿಲ್ಲ ಸಾರ್, ಕ್ಯಾಶ್ ಕೊಡಿ." ಟೋಲ್ ಗೇಟಿನಲ್ಲಿ ಈ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಖಾತೆಯಲ್ಲಿ ದುಡ್ಡಿದೆ, ಟ್ಯಾಗ್ ಗಾಜಿಗೆ ಅಂಟಿದೆ, ಹಿಂದಿನ ಗೇಟಿನಲ್ಲಿ ಸರಿಯಾಗಿಯೇ ಕಡಿತವಾಗಿದೆ. ಇಲ್ಲಿ ಮಾತ್ರ ಗೇಟು ಏಳುವುದಿಲ್ಲ. ಹಿಂದಿನಿಂದ ಹಾರ್ನ್ ಶುರುವಾಗುತ್ತದೆ, ಬಾಡಿಗೆಗೆ ಬಂದವರು ಅವಸರ ಮಾಡುತ್ತಾರೆ. ಹಾಳಾಗಿ ಹೋಗಲಿ ಎಂದು ಎರಡು ಪಟ್ಟು ಎಣಿಸಿಕೊಟ್ಟು ಬರುತ್ತೇವೆ.

ಆ ಹಣವನ್ನು ನಾವು ಕೊಡಬೇಕಾಗಿಯೇ ಇಲ್ಲ!

ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಿಗೆ ಕೇಂದ್ರ ಸರ್ಕಾರ 2018ರ ಮೇ 7ರಂದು ತಿದ್ದುಪಡಿ ತಂದಿದೆ. ಚಾಲ್ತಿಯಲ್ಲಿರುವ, ಸಾಕಷ್ಟು ಹಣವಿರುವ ಫಾಸ್ಟ್ಯಾಗ್ ನಿಮ್ಮ ಗಾಡಿಗಿದ್ದು, ಟೋಲ್‌ನವರ ಯಂತ್ರದ ದೋಷದಿಂದ ಶುಲ್ಕ ಕಡಿತವಾಗದಿದ್ದರೆ, ಬಿಡಿಗಾಸೂ ಪಡೆಯದೆ ಗಾಡಿ ಬಿಡಬೇಕು. ಶೂನ್ಯ ಮೊತ್ತದ ರಸೀದಿಯನ್ನೂ ಕಡ್ಡಾಯವಾಗಿ ಕೊಡಬೇಕು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಎಂದರು, ಹಾಕಿಸಿಕೊಂಡೆವು. ಮುಂಗಡ ಹಣವನ್ನೂ ತುಂಬಿದೆವು. ಈಗ ಅವರ ಆಂಟೆನಾ ಕೆಟ್ಟರೆ ದಂಡ ನಮ್ಮ ತಲೆಗೇಕೆ?

"ಹಾಗಾದ್ರೆ ಯುಪಿಐ ಮಾಡಿ, ಕಮ್ಮಿ ಬೀಳುತ್ತೆ" ಎಂದರೂ ಒಪ್ಪಬೇಡಿ. ನಗದಾದರೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು ಎಂಬುದು 2025ರ ನವೆಂಬರ್ 15ರಿಂದ ಬಂದ ಲೆಕ್ಕ. ಅದು ಊರ್ಜಿತ ಟ್ಯಾಗ್ ಇಲ್ಲದವರಿಗೆ, ನಮಗಲ್ಲ.

ಆದರೆ ನಮ್ಮ ಕಡೆಯಿಂದಲೂ ಎಲ್ಲ ಸರಿಯಿರಬೇಕು. ಹೊರಡುವ ಮೊದಲೇ ಬ್ಯಾಲೆನ್ಸ್ ನೋಡಿಕೊಳ್ಳಿ, ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಟ್ಯಾಗನ್ನು ಗಾಜಿಗೆ ಅಂಟಿಸಿರಿ, ಕೈಯಲ್ಲಿ ಹಿಡಿದು ತೋರಿಸಬೇಡಿ. ಗೇಟಿನಲ್ಲಿ ರೀಡ್ ಆಗದಿದ್ದರೆ ಕೈಯಂತ್ರದಲ್ಲಿ ಸ್ಕ್ಯಾನ್ ಮಾಡಲು ಹೇಳಿ. ಆಗ ಕಡಿತವಾದರೆ ಅದು ನ್ಯಾಯವಾದ ಶುಲ್ಕ, ತಕರಾರು ಬೇಡ. ಅದೂ ಆಗಲಿಲ್ಲವೇ? ಮೊಬೈಲಿನಲ್ಲಿ ಬ್ಯಾಲೆನ್ಸ್ ತೋರಿಸಿ, "ಜೀರೋ ಟ್ರಾನ್ಸಾಕ್ಷನ್ ರಸೀದಿ ಕೊಡಿ" ಎಂದು ಕೇಳಿ. ಕೊಡದಿದ್ದರೆ ಮ್ಯಾನೇಜರನ್ನು ಕರೆಸಿ, ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಲೇನ್ ನಂಬರಿನ ಫೋಟೊ ತೆಗೆದುಕೊಳ್ಳಿ. ಬೂತಿನಲ್ಲಿ ಕೂತ ಹುಡುಗರ ಮೇಲೆ ಕೂಗಾಡಬೇಡಿ. ಅವರೂ ನಮ್ಮ ಹಾಗೆ ದುಡಿಯಲು ಬಂದವರು.

ಬಲವಂತಕ್ಕೆ ಹಣ ಕೊಟ್ಟಿದ್ದರೂ ಸುಮ್ಮನಾಗಬೇಡಿ. ರಸೀದಿ ಜೋಪಾನ ಮಾಡಿ, ಬರುವ ಮೆಸೇಜುಗಳನ್ನು ಗಮನಿಸಿ. ಕೈಯಿಂದ ನಗದು ಹೋದ ಮೇಲೆ ಟ್ಯಾಗಿನಿಂದಲೂ ಕಡಿತವಾಗುವುದುಂಟು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಲಿಖಿತ ದೂರು ಕೊಡಿ, ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆ್ಯಪಿನಲ್ಲೂ ದಾಖಲಿಸಿ. ಹಣ ವಾಪಸ್ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಇಂಥ ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನೂರು ರೂಪಾಯಿಗೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ದಿನಾ ಗೇಟು ದಾಟುವ ಕ್ಯಾಬಿನವರಿಗೆ ಅದು ಮನೆಯ ಹಾಲು, ಅಕ್ಕಿಯ ದುಡ್ಡು.

ಗಮನಿಸಿ: ಇದು ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳ ನಿಯಮ. ರಾಜ್ಯ ಹೆದ್ದಾರಿಯಲ್ಲಿ ಇದನ್ನೇ ಹಿಡಿದು ವಾದಕ್ಕಿಳಿಯಬೇಡಿ.

ಈ ಕರಪತ್ರ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿರಲಿ. ಇದರ ಫೋಟೊ ತೆಗೆದು ಇವತ್ತೇ ನಿಮ್ಮ ಸ್ಟ್ಯಾಂಡಿನ ವಾಟ್ಸಾಪ್ ಗುಂಪಿಗೆ ಕಳಿಸಿ.

— ದಿನನಿತ್ಯ ಹೆದ್ದಾರಿಯಲ್ಲಿ ಓಡಾಡುವ ಚಾಲಕರು